ಹಾಡುವ ಕಂಠವೂ ನಮ್ಮ ಹೊಣೆ

ಶ್ರೀಮಠದ ನೆರಳಿನಲ್ಲಿ ಬೆಳೆದುಬಂದ ವಿದ್ಯಾಲಯಗಳಲ್ಲಿ ಹಾಡುಗಾರಿಕೆಯು ದಿನಚರಿಯ ಅವಿಭಾಜ್ಯ ಅಂಗವಾಗಿದೆ. ಬೆಳಗಿನ ಪ್ರಾರ್ಥನೆಯಿಂದ ಹಿಡಿದು ಸೋಮವಾರದ ಭಜನೆ, ಶ್ರಾವಣ ಮಾಸದ ಪುರಾಣ ಪ್ರವಚನ, ಬಸವ ಜಯಂತಿಯ ವಚನ ಗಾಯನ, ಜಾತ್ರೆಯ ರಾತ್ರಿಯ ಕಾರ್ಯಕ್ರಮಗಳವರೆಗೆ ವರ್ಷವಿಡೀ ನಮ್ಮ ಮಕ್ಕಳು ಹಾಡುತ್ತಲೇ ಇರುತ್ತಾರೆ. ಇದು ನಮ್ಮ ಭಾಗ್ಯವೇ ಸರಿ. ಆದರೆ ಕಟ್ಟಡಕ್ಕೆ ಕಾಲಕಾಲಕ್ಕೆ ಸುಣ್ಣ ಬಳಿಸುವ, ಹಾರ್ಮೋನಿಯಂ ಕೆಟ್ಟರೆ ಗದಗಿಗೋ ಹುಬ್ಬಳ್ಳಿಗೋ ಕಳುಹಿಸಿ ದುರಸ್ತಿ ಮಾಡಿಸುವ ನಾವು, ಆ ಹಾರ್ಮೋನಿಯಂ ಮುಂದೆ ಕುಳಿತು ಹಾಡುವ ಬಾಲಕನ ಕಂಠದ ಯೋಗಕ್ಷೇಮವನ್ನು ವಿಚಾರಿಸುವುದು ತೀರ ಅಪರೂಪ. ಈ ಸ್ಮರಣ ಸಂಚಿಕೆಯ ಸುಸಂದರ್ಭದಲ್ಲಿ ಆ ವಿಚಾರವನ್ನು ಓದುಗರ ಮುಂದಿಡುವುದು ಉಚಿತವೆಂದು ಭಾವಿಸುತ್ತೇನೆ.

ನಮ್ಮ ಈ ಅಲಕ್ಷ್ಯಕ್ಕೆ ಎರಡು ತಪ್ಪು ಗ್ರಹಿಕೆಗಳು ಕಾರಣವಾಗಿವೆ. ಕಂಠವೆಂಬುದು ದೈವದತ್ತ, ಅದು ಇದ್ದವರಿಗೆ ಇದೆ, ಇಲ್ಲದವರಿಗೆ ಇಲ್ಲ ಎಂಬುದು ಮೊದಲನೆಯದು. ಗಟ್ಟಿಯಾದ ದನಿಯೇ ಒಳ್ಳೆಯ ದನಿ ಎಂಬುದು ಎರಡನೆಯದು. ಈ ಎರಡರ ಫಲವಾಗಿ, ಹತ್ತರ ಹರೆಯದಲ್ಲಿ ಇಂಪಾಗಿ ಹಾಡುತ್ತಿದ್ದ ಎಷ್ಟೋ ಹುಡುಗರು ಹದಿನಾಲ್ಕರ ಹೊತ್ತಿಗೆ ಪ್ರಾರ್ಥನಾ ತಂಡದಿಂದ ಹೊರಗುಳಿದು, ಮುಂದೆ ಜೀವಮಾನದಲ್ಲಿ ಒಮ್ಮೆಯೂ ಬಾಯಿಬಿಟ್ಟು ಹಾಡುವುದಿಲ್ಲ. ನಿಸರ್ಗವು ಅವರ ಕಂಠವನ್ನು ಕಸಿದುಕೊಂಡಿತೆಂದು ನಾವು ಹೇಳುತ್ತೇವೆ. ವಾಸ್ತವವಾಗಿ ಆ ಕಂಠವನ್ನು ಕಳೆದವರು ನಾವೇ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ದೈವದತ್ತವೆಂಬ ಮಾತನ್ನು ಮೊದಲು ಪರಿಶೀಲಿಸೋಣ. ನಮ್ಮ ಪರಂಪರೆಯೇ ಈ ಮಾತಿಗೆ ಉತ್ತರ ಹೇಳಿದೆ. ೧೯೦೯ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಶಿವಯೋಗಿಗಳು, ಕಾಡಶೆಟ್ಟಿಹಳ್ಳಿಯ ಅಂಧ ಬಾಲಕನೊಬ್ಬನಲ್ಲಿ ಸಂಗೀತದ ಒಲವನ್ನು ಕಂಡು, ಅಷ್ಟಕ್ಕೇ ತೃಪ್ತರಾಗದೆ, ಅವನಿಗೆ ವರ್ಷಗಟ್ಟಲೆ ಶಿಕ್ಷಣದ ವ್ಯವಸ್ಥೆ ಮಾಡಿಸಿದರು. ಆ ಬಾಲಕನೇ ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳಾದರು (೧೮೯೨–೧೯೪೪). ಅವರ ವೀರೇಶ್ವರ ಪುಣ್ಯಾಶ್ರಮವು ಗದಗಿನಲ್ಲಿ ನೆಲೆನಿಂತು, ಪುಟ್ಟರಾಜ ಗವಾಯಿಗಳ (೧೯೧೪–೨೦೧೦) ಕಾಲದಲ್ಲಿ ಅಂಧರ, ಅನಾಥರ, ಬಡವರ ಮಕ್ಕಳ ಪಾಲಿಗೆ ಕಲ್ಪವೃಕ್ಷವಾಯಿತು. ಅಲ್ಲಿಗೆ ಬಂದ ಮಕ್ಕಳೆಲ್ಲರೂ ಕೋಗಿಲೆಯ ಕಂಠವನ್ನು ಹೊತ್ತು ಬಂದವರೇ? ಅಲ್ಲ. ಅನ್ನ, ಅಕ್ಷರ, ಸ್ವರ ಈ ಮೂರನ್ನೂ ಅವರಿಗೆ ಅಲ್ಲಿಯೇ ನೀಡಲಾಯಿತು. ಬೀಜವು ಶಿವನದಿರಬಹುದು, ಉಳುವುದೂ ನೀರುಣಿಸುವುದೂ ಕಳೆ ಕೀಳುವುದೂ ಮನುಷ್ಯನ ಕಾಯಕವೆಂಬುದನ್ನು ಪುಣ್ಯಾಶ್ರಮವು ತೋರಿಸಿಕೊಟ್ಟಿದೆ.

ಇನ್ನು ಈ ಬೆಳೆ ಬೆಳೆಯುವ ನೆಲವಾದರೂ ಎಂಥದು? ಕೊರಳಿನಲ್ಲಿ ಶ್ವಾಸನಾಳದ ಮೇಲ್ತುದಿಗೆ ಧ್ವನಿಪೆಟ್ಟಿಗೆಯಿದೆ. ಅದರೊಳಗೆ ಅಡ್ಡಲಾಗಿ ಎರಡು ಮೆತ್ತನೆಯ ಪದರಗಳಿವೆ. ಇವೇ ಧ್ವನಿತಂತುಗಳು. ವಯಸ್ಕ ಪುರುಷನಲ್ಲಿ ಇವುಗಳ ಉದ್ದ ಎರಡು ಸೆಂಟಿಮೀಟರಿನ ಆಸುಪಾಸು. ಸ್ತ್ರೀಯರಲ್ಲಿ ಇನ್ನೂ ಕಡಿಮೆ. ಶ್ವಾಸಕೋಶದಿಂದ ಮೇಲೇರುವ ಗಾಳಿಯು ಇವುಗಳ ನಡುವೆ ಹಾಯ್ದಾಗ ಇವು ಕೂಡಿ ಅಗಲಿ ಕಂಪಿಸುತ್ತವೆ. ಮಾತನಾಡುವಾಗ ಗಂಡಸಿನ ತಂತುಗಳು ಸೆಕೆಂಡಿಗೆ ಹೆಚ್ಚು ಕಡಿಮೆ ೧೦೦ರಿಂದ ೧೩೦ ಸಲ, ಹೆಂಗಸಿನವು ೨೦೦ರ ಆಸುಪಾಸು ಕಂಪಿಸುತ್ತವೆ. ಮಂದ್ರ, ಮಧ್ಯ, ತಾರವೆಂದು ನಮ್ಮ ಶಾಸ್ತ್ರಕಾರರು ಹೇಳಿದ ಮೂರು ಸ್ಥಾಯಿಗಳಲ್ಲಿ ಒಂದೊಂದು ಸ್ಥಾಯಿ ಮೇಲೇರಿದಂತೆ ಕಂಪನದ ಸಂಖ್ಯೆ ಇಮ್ಮಡಿಯಾಗುತ್ತದೆ. ಅಂದಮೇಲೆ ತಾರಸ್ಥಾಯಿಯಲ್ಲಿ ಒಂದು ಗಳಿಗೆ ಕೂಗಿ ಹಾಡಿದ ಮಗುವಿನ ತಂತುಗಳು ಎಷ್ಟು ಸಾವಿರ ಸಲ ಒಂದಕ್ಕೊಂದು ತಾಡಿಸಿರಬೇಕು! ಅಂಗೈಯನ್ನು ಅಷ್ಟು ಸಲ ತಟ್ಟಿದರೆ ಬೊಬ್ಬೆ ಏಳುತ್ತದೆ. ಕಂಠದಲ್ಲಿಯೂ ಆಗುವುದು ಅದೇ. ಮೊದಲು ಊತ, ಆಮೇಲೆ ದನಿ ಕಟ್ಟುವುದು, ಇದೇ ವರ್ತನೆ ಮುಂದುವರಿದರೆ ತಂತುಗಳ ಅಂಚಿನಲ್ಲಿ ಸಣ್ಣ ಗಂಟುಗಳು. ಹೊರಗೆ ಕಾಣದ ಈ ಬೊಬ್ಬೆಗೆ ನಾವು ಕರುಣೆ ತೋರುವುದಿಲ್ಲ. ‘ಇನ್ನೂ ಗಟ್ಟಿಯಾಗಿ ಹಾಡು’ ಎನ್ನುತ್ತೇವೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಸಾಮಾನ್ಯವಾಗಿ ಹನ್ನೆರಡರಿಂದ ಹದಿನೈದರ ವಯಸ್ಸಿನಲ್ಲಿ, ಅಂದರೆ ಸರಿಯಾಗಿ ಪ್ರೌಢಶಾಲೆಯ ವರ್ಷಗಳಲ್ಲಿ, ಹುಡುಗರ ಧ್ವನಿಪೆಟ್ಟಿಗೆ ತೀವ್ರವಾಗಿ ಬೆಳೆಯುತ್ತದೆ. ಗಂಟಲಮಣಿ ಮುಂದೆ ಚಾಚುತ್ತದೆ, ತಂತುಗಳು ನೀಳವೂ ದಪ್ಪವೂ ಆಗುತ್ತವೆ, ದನಿಯು ಹೆಚ್ಚು ಕಡಿಮೆ ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಇದನ್ನೇ ನಾವು ‘ದನಿ ಒಡೆಯಿತು’ ಎನ್ನುವುದು. ಹುಡುಗಿಯರಲ್ಲಿಯೂ ಈ ಬದಲಾವಣೆಯುಂಟು. ಆದರೆ ಅಲ್ಲಿ ಇಳಿಯುವುದು ಎರಡು ಮೂರು ಸ್ವರಸ್ಥಾನ ಮಾತ್ರವಾದ್ದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಹುಡುಗನ ಸ್ಥಿತಿಯಾದರೋ ಶೋಚನೀಯ. ನಿನ್ನೆ ಸಲೀಸಾಗಿ ಮುಟ್ಟುತ್ತಿದ್ದ ಸ್ವರ ಇಂದು ಮುರಿದು ಬೀಳುತ್ತದೆ. ನಡುವೆ ದನಿ ಹಾರಿ ಕೀಚಲಾಗುತ್ತದೆ. ಸಾಲಿನಲ್ಲಿ ನಿಂತ ಗೆಳೆಯರು ನಗುತ್ತಾರೆ. ಆಗ ಗುರುಗಳು ಅರಿಯದೆ ಎರಡರಲ್ಲೊಂದು ಮಾಡುತ್ತಾರೆ. ಒಂದೋ ಹಳೆಯ ಶ್ರುತಿಯಲ್ಲಿಯೇ ಬಲವಂತದಿಂದ ಹಾಡಿಸುತ್ತಾರೆ, ಇಲ್ಲವೆ ‘ನಿನ್ನ ಕಂಠ ಕೆಟ್ಟಿತು’ ಎಂದು ಕೂರಿಸುತ್ತಾರೆ. ಮೊದಲನೆಯದರಿಂದ ಬೆಳೆಯುತ್ತಿರುವ ತಂತುಗಳಿಗೆ ಆಯಾಸ. ಎರಡನೆಯದರಿಂದ ಮನಸ್ಸಿಗೆ ಗಾಯ. ಧ್ವನಿತಂತುಗಳ ಊತಕ್ಕೆ ಮದ್ದುಂಟು; ‘ಕೆಟ್ಟಿತು’ ಎಂಬ ಗುರುವಾಕ್ಯಕ್ಕೆ ಮದ್ದಿಲ್ಲ. ವಾಸ್ತವದಲ್ಲಿ ಈ ಕಾಲದಲ್ಲಿ ಮಾಡಬೇಕಾದ್ದು ಬಹು ಸರಳ. ಶ್ರುತಿಯನ್ನು ಇಳಿಸಿ, ದನಿ ಎಲ್ಲಿ ನೆಮ್ಮದಿಯಾಗಿ ನಿಲ್ಲುತ್ತದೆಯೋ ಆ ನಾಲ್ಕೈದು ಸ್ವರಗಳ ಒಳಗೆ, ಮೆಲುವಾಗಿ, ಸ್ವಲ್ಪ ಹೊತ್ತು ಹಾಡಿಸುವುದು. ತಾಳವನ್ನೋ ತಬಲಾವನ್ನೋ ಕೈಗಿತ್ತು ಬಳಗದಲ್ಲಿಯೇ ಉಳಿಸಿಕೊಳ್ಳುವುದು. ಕೆಲವು ತಿಂಗಳು ತಾಳ್ಮೆಯಿಂದ ಕಾಯುವುದು. ಹಳೆಯ ಮನೆ ಬಿಚ್ಚಿ ಹೊಸ ಮನೆ ಕಟ್ಟುವಾಗ ಆ ಮನೆಯವರನ್ನು ಊರು ಬಿಡಿಸುವುದುಂಟೆ?

ಬದಲಾದ ಕಂಠವು ಕೆಟ್ಟ ಕಂಠವಲ್ಲವೆಂಬುದಕ್ಕೆ ಕನ್ನಡ ನಾಡಿನಲ್ಲಿಯೇ ಉಜ್ವಲ ನಿದರ್ಶನಗಳಿವೆ. ವಿದುಷಿ ಗಂಗೂಬಾಯಿ ಹಾನಗಲ್ (೧೯೧೩–೨೦೦೯) ಅವರು ಎಳವೆಯಲ್ಲಿ ‘ಗಾಂಧಾರಿ ಹುಬ್ಬಳ್ಳಿ’ ಎಂಬ ಹೆಸರಿನಲ್ಲಿ ಹಾಡಿದ ಗ್ರಾಮಾಫೋನ್ ತಟ್ಟೆಗಳಲ್ಲಿ ಕೇಳಿಬರುವುದು ತೆಳುವಾದ, ಎತ್ತರದ ಹೆಣ್ಣುದನಿ. ಮುಂದೆ ಗಂಟಲಿನ ತೊಂದರೆ ಮತ್ತು ಅದರ ಚಿಕಿತ್ಸೆಯ ತರುವಾಯ ಅವರ ಧ್ವನಿ ಗಂಡುದನಿಯೆನಿಸುವಷ್ಟು ಆಳಕ್ಕಿಳಿಯಿತು. ಹೋದ ದನಿಗಾಗಿ ಹಲುಬುತ್ತ ಕೂರದೆ, ಬಂದ ದನಿಗೆ ತಕ್ಕ ಗಾಯನವನ್ನು ಅವರು ಕಟ್ಟಿಕೊಂಡರು. ಇಂದು ಲೋಕವು ಅವರನ್ನು ಸ್ಮರಿಸುವುದು ಆ ಎರಡನೆಯ ದನಿಯಿಂದಲೇ. ಇನ್ನೊಬ್ಬರು ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ೧೯೨೪ರಲ್ಲಿ ಜನಿಸಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಅವರು, ಕುಮಾರ ಗಂಧರ್ವರೆಂದು ಭಾರತಕ್ಕೆಲ್ಲ ಪರಿಚಿತರಾದವರು. ಬಾಲ್ಯದಲ್ಲಿಯೇ ಕೀರ್ತಿ ಪಡೆದ ಅವರನ್ನು ತಾರುಣ್ಯದಲ್ಲಿ ಕ್ಷಯರೋಗ ಹಿಡಿಯಿತು. ೧೯೪೮ರಲ್ಲಿ ಮಧ್ಯಪ್ರದೇಶದ ದೇವಾಸಕ್ಕೆ ಹೋಗಿ ನೆಲೆಸಿದ ಅವರು ವೈದ್ಯರ ಆಜ್ಞೆಯಂತೆ ಸುಮಾರು ಐದು ವರ್ಷ ಹಾಡಲಿಲ್ಲ. ಆ ಕಾಲದಲ್ಲಿ ಅವರು ಕೇಳಿದರು, ಚಿಂತಿಸಿದರು, ಮಾಳವದ ಜಾನಪದ ಗೀತೆಗಳಿಗೆ ಕಿವಿಗೊಟ್ಟರು. ಮರಳಿ ಹಾಡತೊಡಗಿದಾಗ ಕುಗ್ಗಿದ ಶ್ವಾಸಕೋಶಕ್ಕೆ ಒಗ್ಗುವಂತೆ ಅವರ ಗಾಯನವು ಹೊಸ ರೂಪ ತಾಳಿತ್ತು. ಮೌನವೂ ಸಾಧನೆಯ ಒಂದು ಅಂಗವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಐದು ವರ್ಷಗಳ ಮೌನವನ್ನು ದಾಟಿ ಬಂದ ಕಂಠವಿರುವಾಗ, ಆರೇಳು ತಿಂಗಳ ವಿರಾಮಕ್ಕೆ ಹೆದರಿ ನಮ್ಮ ಹುಡುಗರನ್ನು ಕೈಬಿಡುವುದು ನ್ಯಾಯವಲ್ಲ.

ಶ್ರುತಿಯ ವಿಷಯದಲ್ಲಿ ಹೆಣ್ಣುಮಕ್ಕಳಿಗೂ ಅನ್ಯಾಯವಾಗುತ್ತಿದೆ. ಪ್ರಾರ್ಥನೆಗೆ ಹಾರ್ಮೋನಿಯಂ ನುಡಿಸುವವರು ಬಹುಮಟ್ಟಿಗೆ ಗಂಡಸರು. ಅವರು ತಮ್ಮ ಕಂಠಕ್ಕೆ ಹೊಂದುವ ಕರಿ ಒಂದನ್ನೋ ಬಿಳಿ ಎರಡನ್ನೋ ಷಡ್ಜವಾಗಿ ಹಿಡಿಯುತ್ತಾರೆ. ಪ್ರೌಢಶಾಲೆಯ ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಅನುಕೂಲವಾದದ್ದು ಬಿಳಿ ಐದರಿಂದ ಕರಿ ಐದರವರೆಗಿನ ಷಡ್ಜ. ಗುರುಗಳ ಶ್ರುತಿಯಲ್ಲಿ ಹಾಡಬೇಕಾದ ಹುಡುಗಿಗೆ ಕೆಳಗಿಳಿದರೆ ದನಿ ಕೇಳದು, ಮೇಲೇರಿದರೆ ಕಿರುಚಬೇಕು. ಆಕೆ ಕಿರುಚುತ್ತಾಳೆ, ಅದನ್ನೇ ನಾವು ‘ಚೆನ್ನಾಗಿ ಹಾಡಿದಳು’ ಎಂದು ಮೆಚ್ಚುತ್ತೇವೆ. ಹಾರ್ಮೋನಿಯಂನಲ್ಲಿ ಅಷ್ಟೊಂದು ಮನೆಗಳಿರುವುದು ಹಾಡುವವರ ಅನುಕೂಲಕ್ಕಾಗಿಯೇ ಅಲ್ಲವೆ? ಮಗುವಿಗೆ ವಾದ್ಯವು ಹೊಂದಬೇಕೇ ಹೊರತು ವಾದ್ಯಕ್ಕೆ ಮಗುವಲ್ಲ.

ಎರಡನೆಯ ತಪ್ಪು ಗ್ರಹಿಕೆಯಾದ ಗಟ್ಟಿದನಿಯ ಮೋಹವು ಧ್ವನಿವರ್ಧಕದ ಕಾಲದಲ್ಲಿ ವಿಪರೀತಕ್ಕೆ ಹೋಗಿದೆ. ಗದ್ದಲದ ನಡುವೆ ಮನುಷ್ಯನು ತನಗರಿವಿಲ್ಲದೆಯೇ ದನಿ ಏರಿಸುತ್ತಾನೆಂಬುದನ್ನು ಫ್ರಾನ್ಸಿನ ಎತಿಯೆನ್ ಲೊಂಬಾರ್ಡ್ ಎಂಬ ವೈದ್ಯನು ೧೯೧೧ರಲ್ಲಿಯೇ ಪ್ರಕಟಪಡಿಸಿದನು. ಜಾತ್ರೆಯ ವೇದಿಕೆಯ ಮೇಲೆ ನಿಂತ ಮಗುವಿನ ಸುತ್ತ ಪೆಟ್ಟಿಗೆಯಷ್ಟೆತ್ತರದ ಸ್ಪೀಕರುಗಳು ಮೊರೆಯುತ್ತಿರುವಾಗ ಅದಕ್ಕೆ ತನ್ನ ದನಿಯೇ ತನಗೆ ಕೇಳುವುದಿಲ್ಲ. ಕೇಳದ್ದರಿಂದ ಅದು ಕೂಗುತ್ತದೆ. ದನಿಯನ್ನು ದೊಡ್ಡದು ಮಾಡಲೆಂದು ತಂದ ಯಂತ್ರವೇ ದನಿಯನ್ನು ಹರಿದುಹಾಕುತ್ತಿದೆ. ನಮ್ಮ ಹಿರಿಯರ ಪದ್ಧತಿ ಹೀಗಿರಲಿಲ್ಲ. ಭಜನೆಯಲ್ಲಿ ಒಬ್ಬನು ನುಡಿ ಎತ್ತಿದರೆ ಉಳಿದವರು ಪಲ್ಲವಿ ಹಿಡಿಯುತ್ತಿದ್ದರು. ನೆರೆಯ ಸಂಡೂರು ಸೀಮೆಯ ದರೋಜಿಯ ಬುರ್ರಕಥಾ ಈರಮ್ಮನವರಂಥ (ನಿಧನ ೨೦೧೪) ಕಲಾವಿದರು ರಾತ್ರಿಗಟ್ಟಲೆ ಮಹಾಕಾವ್ಯಗಳನ್ನು ಹಾಡಿದ್ದು ಒಬ್ಬಂಟಿಯಾಗಿ ಅಲ್ಲ. ಹಿಮ್ಮೇಳದವರು ಸೊಲ್ಲನ್ನು ಎತ್ತಿಕೊಳ್ಳುವಷ್ಟರಲ್ಲಿ ಕಥೆ ಹೇಳುವವರ ಕಂಠಕ್ಕೆ ಉಸಿರು ಸಿಗುತ್ತಿತ್ತು. ವಿಶ್ರಾಂತಿಯನ್ನು ಕಲೆಯ ಒಡಲಿನಲ್ಲಿಯೇ ಹೆಣೆದಿಟ್ಟಿದ್ದರು.

ಈ ಮಾತಿಗೆ ನಮ್ಮ ಕೋಗಳಿ ನಾಡಿನಲ್ಲಿಯೇ ಒಂದು ಮಹಾನ್ ಸಾಕ್ಷಿಯಿದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನ ನೆರೆಯುತ್ತಾರೆ. ಗೊರವಯ್ಯನು ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಆ ಜನಸಾಗರವೆಲ್ಲ ಸ್ತಬ್ಧವಾಗುತ್ತದೆ. ಆಮೇಲೆ ಅವನ ಬಾಯಿಂದ ಹೊರಡುವುದು ಒಂದೇ ಒಂದು ಪುಟ್ಟ ವಾಕ್ಯ, ಕಾರ್ಣಿಕ. ಆ ವಾಕ್ಯವನ್ನು ಕೇಳಲೆಂದು ಲಕ್ಷ ಜನ ಉಸಿರು ಬಿಗಿಹಿಡಿಯುತ್ತಾರೆ. ಗೊರವಯ್ಯನ ಗಂಟಲಿನ ಬಲಕ್ಕಿಂತ ಕೇಳುವವರ ಮೌನದ ಬಲ ಅಲ್ಲಿ ದೊಡ್ಡದು. ಪ್ರಾರ್ಥನೆಯ ಮುನ್ನ ನಮ್ಮ ಶಾಲೆಯ ಅಂಗಳದಲ್ಲಿ ಒಂದು ನಿಮಿಷದ ಪೂರ್ಣ ಮೌನವನ್ನು ಸಾಧಿಸಿದರೆ ಧ್ವನಿವರ್ಧಕದ ಅರ್ಧ ಕೆಲಸ ಮುಗಿದಂತೆಯೇ. ಮೈಲಾರದ ಜಾತ್ರೆ ಕಲಿಸುವ ಈ ಪಾಠವನ್ನು ನಾವು ಶಾಲೆಗೆ ತರಲಿಲ್ಲವೆಂಬುದೇ ಸೋಜಿಗ.

ಇನ್ನು ಕಂಠದ ಆರೋಗ್ಯವನ್ನು ಕುರಿತು ಕೆಲವು ಮಾತು. ಜ್ಯೇಷ್ಠಮಧು, ಕಲ್ಲುಸಕ್ಕರೆ, ಕಾಳುಮೆಣಸು ಮೊದಲಾದ ಮನೆಮದ್ದುಗಳನ್ನು ನಾನು ಹಳಿಯುವವನಲ್ಲ. ಅವು ಗಂಟಲಿಗೆ ಹಿತ ನೀಡುತ್ತವೆ. ಆದರೆ ನುಂಗಿದ ಪದಾರ್ಥವು ಅನ್ನನಾಳಕ್ಕೆ ಹೋಗುತ್ತದೆಯೇ ಹೊರತು ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ಮುಟ್ಟಿದರೆ ಕೆಮ್ಮಿ ಹೊರಹಾಕುತ್ತೇವೆ. ಕುಡಿದ ನೀರು ಸಹ ರಕ್ತದ ಮೂಲಕವೇ ತಂತುಗಳನ್ನು ತೇವಗೊಳಿಸಬೇಕು. ಆದುದರಿಂದ ವೇದಿಕೆ ಏರುವಾಗ ಒಂದು ಚೊಂಬು ನೀರು ಕುಡಿಯುವುದಕ್ಕಿಂತ ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಕುಡಿಯುವುದು ಉತ್ತಮ. ಮಾಘ ಫಾಲ್ಗುಣಗಳಲ್ಲಿ, ಮೈಲಾರ ಕೊಟ್ಟೂರುಗಳ ಜಾತ್ರೆಯ ಹೊತ್ತಿಗೆ, ನಮ್ಮಲ್ಲಿ ಒಣಗಾಳಿ, ಕಣದ ಹೊಟ್ಟು, ರಸ್ತೆಯ ಧೂಳು ಮೂರೂ ಸೇರುತ್ತವೆ. ಹಾಡುವವರು ಆಗ ವಿಶೇಷವಾಗಿ ಎಚ್ಚರದಿಂದಿರಬೇಕು. ಭಜನೆ ಮುಗಿಸಿ ಸರಿರಾತ್ರಿಯಲ್ಲಿ ಮಂಡಕ್ಕಿ ಮಿರ್ಚಿ ತಿಂದು ಆ ಕ್ಷಣವೇ ಮಲಗಿದರೆ ಹೊಟ್ಟೆಯ ಹುಳಿ ಗಂಟಲಿಗೇರಿ ತಂತುಗಳನ್ನು ಸುಡುತ್ತದೆ. ಬೆಳಗಿನ ದನಿಯ ಒರಟುತನಕ್ಕೆ ಇದೂ ಒಂದು ಕಾರಣ. ಪದೇ ಪದೇ ಕ್ಯಾಕರಿಸುವುದು ತಂತುಗಳಿಗೆ ಪೆಟ್ಟು ಕೊಟ್ಟಂತೆ. ಅದರ ಬದಲು ಒಂದು ಗುಟುಕು ನೀರು ನುಂಗಬೇಕು. ದನಿ ಕಟ್ಟಿದಾಗ ಪಿಸುಮಾತು ಆಡುವುದು ವಿಶ್ರಾಂತಿಯೆಂದು ಅನೇಕರು ತಿಳಿದಿದ್ದಾರೆ; ಒತ್ತಿ ಆಡುವ ಪಿಸುಮಾತೂ ಆಯಾಸವೇ, ಮೌನವೊಂದೇ ವಿಶ್ರಾಂತಿ. ಗಂಟಲನ್ನು ಜೋಮು ಹಿಡಿಸುವ ಗುಳಿಗೆಗಳನ್ನು ಚಪ್ಪರಿಸುತ್ತ ಹಾಡುವುದು ಅಪಾಯಕರ. ನೋವು ಮರೆಯಾಗುತ್ತದೆ, ಗಾಯ ಬೆಳೆಯುತ್ತದೆ. ಬೀಡಿ, ಸಿಗರೇಟು, ಗುಟ್ಕಾಗಳ ವಿಷಯವಾಗಿ ಹೇಳತಕ್ಕದ್ದು ಒಂದೇ: ಕಂಠವನ್ನು ಪ್ರೀತಿಸುವವನು ಅವುಗಳನ್ನು ಮುಟ್ಟಲಾರ.

ಎಲ್ಲಕ್ಕಿಂತ ಮುಖ್ಯವಾದ ಸೂಚನೆಯೊಂದಿದೆ. ನೆಗಡಿ ಕೆಮ್ಮುಗಳೊಡನೆ ಬಂದ ಗೊಗ್ಗರು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತದೆ. ಮೂರು ವಾರ ಕಳೆದರೂ ಇಳಿಯದ ಗೊಗ್ಗರನ್ನು ಮಗುವಿನಲ್ಲಾಗಲಿ ಮುದುಕರಲ್ಲಾಗಲಿ ಕಡೆಗಣಿಸಲೇಬಾರದು. ಕಿವಿ, ಮೂಗು, ಗಂಟಲಿನ ತಜ್ಞ ವೈದ್ಯರಿಗೆ ತೋರಿಸಬೇಕು. ಧ್ವನಿಪೆಟ್ಟಿಗೆಯ ಕ್ಯಾನ್ಸರಿನ ಮೊದಲ ಸೂಚನೆ ಎಷ್ಟೋ ಸಲ ಈ ಗೊಗ್ಗರೇ ಆಗಿರುತ್ತದೆ. ಬೇಗ ಕಂಡುಹಿಡಿದರೆ ಅದು ಗುಣವಾಗುವ ಕಾಯಿಲೆ. ತಂತುಗಳ ಮೇಲಿನ ಗಂಟುಗಳಿಗಾದರೋ ಬಹುಪಾಲು ಶಸ್ತ್ರಚಿಕಿತ್ಸೆಯೇ ಬೇಕಾಗುವುದಿಲ್ಲ. ದನಿಯನ್ನು ಬಳಸುವ ರೀತಿಯನ್ನು ತಿದ್ದಿಕೊಂಡರೆ, ಸಾಕಷ್ಟು ವಿಶ್ರಾಂತಿ ಕೊಟ್ಟರೆ ಕರಗುತ್ತವೆ. ವೈದ್ಯರು ಇಂದು ತಂತುಗಳನ್ನು ಕಣ್ಣಾರೆ ಕಂಡು ಪರೀಕ್ಷಿಸುವ ವಿಧಾನಕ್ಕೆ ದಾರಿ ತೋರಿದವನು ಮ್ಯಾನುಯೆಲ್ ಗಾರ್ಸಿಯಾ ಎಂಬ ಸ್ಪೇನ್ ಮೂಲದ ಸಂಗೀತ ಶಿಕ್ಷಕ. ೧೮೫೪ರಲ್ಲಿ ಆತನು ಪುಟ್ಟ ಕನ್ನಡಿಯೊಂದನ್ನು ಬಾಯೊಳಗಿಟ್ಟು, ಸೂರ್ಯನ ಬೆಳಕಿನಲ್ಲಿ ತನ್ನ ಧ್ವನಿತಂತುಗಳ ಚಲನೆಯನ್ನು ತಾನೇ ಕಂಡನು. ಶಿಷ್ಯರ ಕಂಠದ ಚಿಂತೆಯಿದ್ದ ಗುರುವೊಬ್ಬನು ವೈದ್ಯಶಾಸ್ತ್ರಕ್ಕೇ ಉಪಕಾರ ಮಾಡಿದ ಈ ಸಂಗತಿ ನಮ್ಮ ಶಿಕ್ಷಕವೃಂದಕ್ಕೆ ಸ್ಫೂರ್ತಿ ನೀಡುವಂಥದು.

ಶಿಕ್ಷಕರ ಕಂಠವೂ ಇಲ್ಲಿ ಗಣನೆಗೆ ಬರಬೇಕು. ಅರವತ್ತು ಮಕ್ಕಳ ತರಗತಿಯಲ್ಲಿ ದಿನಕ್ಕೆ ಐದಾರು ಅವಧಿ ದನಿಯೇರಿಸಿ ಪಾಠ ಹೇಳುವವರು ಹಾಡುಗಾರರಿಗಿಂತ ಹೆಚ್ಚು ದುಡಿಯುತ್ತಾರೆ. ಕೂಗಿ ಶಿಸ್ತು ತರುವ ಶಿಕ್ಷಕರನ್ನು ನೋಡಿಯೇ ಮಕ್ಕಳು ಕೂಗಿ ಹಾಡುವುದನ್ನು ಕಲಿಯುತ್ತಾರೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ‘ಹಿಂದಿನವರು ಇದಾವ ಉಪಚಾರವೂ ಇಲ್ಲದೆ ಬೆಳಗಿನವರೆಗೆ ಹಾಡಲಿಲ್ಲವೆ? ಕಂಪನಿ ನಾಟಕದ ನಟರು ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟಿಸಲಿಲ್ಲವೆ?’ ಎಂಬುದು ಒಂದು. ಹೌದು, ಹಾಡಿದರು. ಆದರೆ ನಮ್ಮ ನೆನಪಿನಲ್ಲಿ ಉಳಿದವರು ಕಂಠ ಉಳಿಸಿಕೊಂಡವರು ಮಾತ್ರ. ನಡುದಾರಿಯಲ್ಲಿ ಕಂಠ ಕಳೆದುಕೊಂಡವರ ಹೆಸರನ್ನು ಯಾರು ಬರೆದಿಟ್ಟಿದ್ದಾರೆ? ಉಳಿಸಿಕೊಂಡವರಿಗಾದರೂ ನಸುಕಿನ ಖರಜ ಸಾಧನೆಯ ಬಲವಿತ್ತು, ಹಿಮ್ಮೇಳದ ಆಸರೆಯಿತ್ತು. ‘ಐನೂರು ಮಕ್ಕಳಿಗೆ ಒಬ್ಬ ಸಂಗೀತ ಶಿಕ್ಷಕರೂ ಇಲ್ಲದಲ್ಲಿ ಇಷ್ಟೆಲ್ಲ ಸಾಧ್ಯವೆ?’ ಎಂಬುದು ಎರಡನೆಯದು. ಇದು ತೂಕವುಳ್ಳ ಆಕ್ಷೇಪವೇ. ಆದರೆ ನಾನು ಕೇಳುತ್ತಿರುವುದಕ್ಕೆ ಹಣ ಬೇಡ, ಹೊಸ ಹುದ್ದೆ ಬೇಡ, ಗಮನವಷ್ಟೇ ಬೇಕು.

ಆದುದರಿಂದ ವಿದ್ಯಾಲಯದ ಆಡಳಿತ ಮಂಡಳಿಯವರಲ್ಲಿಯೂ ಗುರುವೃಂದದಲ್ಲಿಯೂ ನನ್ನ ವಿನಂತಿ ಇಷ್ಟು. ಪ್ರಾರ್ಥನೆಗೆ ಹುಡುಗರ ಶ್ರುತಿ, ಹುಡುಗಿಯರ ಶ್ರುತಿಯೆಂದು ಎರಡನ್ನು ಗೊತ್ತುಮಾಡಿ ದಿನ ಬಿಟ್ಟು ದಿನ ಹಾಡಿಸಲಿ. ಹಾಡುವ ಮೊದಲು ಬೆನ್ನು ನೆಟ್ಟಗಿರಿಸಿ, ಭುಜ ಎತ್ತದೆ, ಹೊಟ್ಟೆಯವರೆಗೆ ಉಸಿರೆಳೆದು, ಮಂದ್ರದಲ್ಲಿ ಮೆಲುವಾಗಿ ಐದು ನಿಮಿಷ ಓಂಕಾರ ಹೇಳಿಸಲಿ. ದನಿ ಒಡೆಯುತ್ತಿರುವ ಹುಡುಗನನ್ನು ಯಾವ ಕಾರಣಕ್ಕೂ ತಂಡದಿಂದ ಬಿಡದೆ, ಕೈಗೆ ತಾಳವನ್ನಿತ್ತು ಜೊತೆಯಲ್ಲಿಯೇ ಕೂರಿಸಿಕೊಳ್ಳಲಿ. ಗಾಯನ ಸ್ಪರ್ಧೆಗಳ ತೀರ್ಪಿನಲ್ಲಿ ದನಿಯ ಅಬ್ಬರಕ್ಕೆ ಅಂಕ ಕೊಡದೆ ಶ್ರುತಿಶುದ್ಧಿಗೂ ಉಚ್ಚಾರದ ಸ್ಪಷ್ಟತೆಗೂ ಭಾವಕ್ಕೂ ಕೊಡಲಿ. ಮೂರು ವಾರ ದನಿ ಕಟ್ಟಿದ ಮಗುವಿನ ಪಾಲಕರಿಗೆ ಒಂದು ಚೀಟಿ ಬರೆದು ಕಳುಹಿಸಲಿ.

ಶಾಸನಗಳು ಕೋಗಳಿ–೫೦೦ ಎಂದು ಕರೆದ ಈ ನಾಡಿನಲ್ಲಿ, ಇಂದು ವಿಜಯನಗರ ಜಿಲ್ಲೆಗೆ ಸೇರಿದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಹಳ್ಳಿ ಹಳ್ಳಿಯಲ್ಲಿ ಭಜನೆಯ ಮನೆಗಳಿವೆ. ಅಲ್ಲಿ ಇನ್ನು ಇಪ್ಪತ್ತು ವರ್ಷಗಳ ನಂತರ ನುಡಿ ಎತ್ತಬೇಕಾದವರು ಇಂದು ನಮ್ಮ ಎಂಟನೆಯ, ಒಂಬತ್ತನೆಯ ತರಗತಿಗಳಲ್ಲಿ ಕುಳಿತಿದ್ದಾರೆ. ಅವರಲ್ಲಿ ಎಲ್ಲರೂ ಗವಾಯಿಗಳಾಗಬೇಕಾಗಿಲ್ಲ. ಶರಣರ ನುಡಿಯನ್ನು ತಮ್ಮದೇ ಶ್ರುತಿಯಲ್ಲಿ, ಕುಗ್ಗದೆ ಕೂಗದೆ, ಮುಪ್ಪಿನವರೆಗೂ ಹಾಡಿಕೊಳ್ಳುವಂಥ ಕಂಠವೊಂದನ್ನು ಅವರಲ್ಲಿ ಉಳಿಸಿಕೊಟ್ಟರೆ ವಿದ್ಯಾಲಯವು ತನ್ನ ಕಾಯಕವನ್ನು ಸಾರ್ಥಕವಾಗಿ ನೆರವೇರಿಸಿದಂತಾಗುತ್ತದೆ.